ದಾಖಲಾಗದ ಕರ್ಮ

ಕೈಯಿಂದ ನಡೆದೂ ಇನ್ನೂ ಯಾವ ಲೆಕ್ಕಕ್ಕೂ ಸೇರದಿರುವ ಕೆಲಸವನ್ನು ಮಾಡಿದವನೇ ಅಳಿಸಿಹಾಕಿದರೆ ಅದು ನಡೆದಂತಾಯಿತೆ, ನಡೆಯದಂತಾಯಿತೆ ಎಂಬ ಪ್ರಶ್ನೆ ನಮ್ಮ ಶಾಸ್ತ್ರಕಾರರಿಗೆ ಹೊಸದೇನೂ ಅಲ್ಲ; ಆದರೆ ತೆಲಿಗಿ, ಕೊಟ್ಟೂರು, ಹಡಗಲಿಗಳ ಕಡೆಯಿಂದ ಬೆಂಗಳೂರು ಸೇರಿ ಗಣಕಯಂತ್ರದ ಮುಂದೆ ಕುಳಿತು ಅನ್ನ ಸಂಪಾದಿಸುತ್ತಿರುವ ನಮ್ಮ ಹುಡುಗರು, ಇದೊಂದು ಪ್ರಶ್ನೆಯೆಂಬ ಅರಿವೇ ಇಲ್ಲದೆ, ದಿನದಿನವೂ ಒಂದು ಸಾಲಿನ ಆಜ್ಞೆಯಿಂದ ಅದನ್ನು ತೀರಿಸಿಬಿಡುತ್ತಿರುವುದರಿಂದ ಅದು ಮತ್ತೊಮ್ಮೆ ವಿಚಾರಾರ್ಹವಾಗಿದೆ.

2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿನ ಕೆಲಸಕ್ಕೆಂದು ರಚಿಸಿದ, ಪ್ರೋಗ್ರಾಮಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ವ್ಯವಸ್ಥೆಯಲ್ಲಿ ಬರೆದದ್ದಕ್ಕೆ ಮೂರು ನೆಲೆಗಳುಂಟು. ಕಮಿಟ್ ಆದದ್ದು ಕರ್ತೃವಿನ ಹೆಸರು, ಕಾಲ, ಕಾರಣಗಳೊಡನೆ ಇತಿಹಾಸಕ್ಕೆ ಸೇರುತ್ತದೆ. ಅದನ್ನು ಆಮೇಲೆ ದೂರ ತಳ್ಳಿದರೂ ರೆಫ್‌ಲಾಗ್ ಎಂಬ ಒಳದಿನಚರಿ ಅದರ ಸುಳಿವನ್ನು ವಾರಗಟ್ಟಲೆ ಕಾದಿರಿಸುತ್ತದೆ. ಕಮಿಟ್ ಆಗದೆ, ಅದಕ್ಕೆ ಅಣಿಗೊಳಿಸುವ 'ಆಡ್' ಮಾತ್ರ ಆದದ್ದು ಕೂಡ ಭಂಡಾರದ ಮೂಲೆಯಲ್ಲಿ ಹೆಸರಿಲ್ಲದೆ ಬಿದ್ದಿದ್ದು, ಯಂತ್ರ ತನ್ನ ಕಸವನ್ನು ಗುಡಿಸುವ ಮುನ್ನ ಹುಡುಕಿದವನಿಗೆ ದೊರಕೀತು. ಇವೆರಡೂ ಆಗದೆ ಫೈಲಿನಲ್ಲಿ ಸುಮ್ಮನೆ ಬರೆದಿಟ್ಟದ್ದಕ್ಕೆ ಮಾತ್ರ ಯಾವ ಆಸರೆಯೂ ಇಲ್ಲ. 'ಗಿಟ್ ರಿಸ್ಟೋರ್' ಎಂದೊಡನೆ (2019ಕ್ಕೆ ಮೊದಲು ಈ ಕಾರ್ಯಕ್ಕೆ 'ಚೆಕ್‌ಔಟ್' ಎನ್ನಬೇಕಾಗಿತ್ತು) ಹಿಂದಿನ ರೂಪವೇ ಬಂದು ಕುಳಿತು, ಬೆಳಗಿನಿಂದ ಬರೆದದ್ದು ಗಿಟ್ಟಿನ ಪಾಲಿಗೆ ಎಂದೂ ಇರಲೇ ಇಲ್ಲವೆಂಬಂತಾಗುತ್ತದೆ. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಹಿಂದಿನ ಶಾನುಭೋಗನು ಒಂದು ಸಾಲನ್ನು ಒರೆಸಿದರೆ ಅವನ ಬೆರಳಿಗಾದರೂ ಬಿಳುಪು ಹತ್ತುತ್ತಿತ್ತು. ಇಲ್ಲಿ ಅದೂ ಇಲ್ಲ.

ಈ ಅಳಿಸುವಿಕೆಯನ್ನು ಪ್ರಾಯಶ್ಚಿತ್ತವೆಂದು ತಿಳಿಯಲಾಗದು. ಹಡಗಲಿ ಸೀಮೆಯ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ಬಿಲ್ಲನ್ನೇರಿದ ಗೊರವಯ್ಯನು 'ಸದ್ದಲೇ' ಎಂದು ಗರ್ಜಿಸಿ, ನೆರೆದ ಜನಸ್ತೋಮವೆಲ್ಲ ಉಸಿರು ಬಿಗಿಹಿಡಿದಿರುವಾಗ ಒಂದೇ ಒಂದು ವಾಕ್ಯವನ್ನು ನುಡಿದು ಮೇಲಿನಿಂದ ಬೀಳುತ್ತಾನೆ. ತದನಂತರ ಕಾರ್ಣಿಕವೆಂಬ ಆ ಭವಿಷ್ಯವಾಣಿಗೆ ಮಳೆಯೆಂದೋ ಬೆಳೆಯೆಂದೋ ರಾಜಕಾರಣವೆಂದೋ ಅವರವರಿಗೆ ತೋಚಿದ ಅರ್ಥ ಹೇಳಬಹುದಲ್ಲದೆ ನುಡಿಯನ್ನು ಹಿಂದೆಗೆಯುವಂತಿಲ್ಲ. ಕಮಿಟ್ ಆದ ತಪ್ಪೂ ಅಂತಹುದೇ. ಅದಕ್ಕೆ ಗಿಟ್ ಒದಗಿಸಿರುವ ಸಜ್ಜನಮಾರ್ಗವಾದ 'ರಿವರ್ಟ್' ತಪ್ಪನ್ನು ಅಳಿಸದೆ, ಅದಕ್ಕೆ ಪ್ರತಿಯಾದ ಇನ್ನೊಂದು ಕಮಿಟ್ಟನ್ನು ಕೂಡಿಸಿ, ದೋಷವನ್ನೂ ಪರಿಹಾರವನ್ನೂ ಒಂದೇ ಪಟ್ಟಿಯಲ್ಲಿ ಉಳಿಸುತ್ತದೆ. ಪ್ರಾಯಶ್ಚಿತ್ತವೆಂಬುದು ಇದು. ರಿಸ್ಟೋರ್ ಎಂಬುದಾದರೋ ಬಿಲ್ಲಿನ ತುದಿಯವರೆಗೆ ಏರಿ ನುಡಿಯದೆ ಇಳಿದು ಬಂದಂತೆ, ನಿವೃತ್ತಿ.

ನಿವೃತ್ತನಾದವನಿಗೆ ಲೇಪವುಂಟೆ? ಭಾಗವತದ ಪ್ರಥಮ ಸ್ಕಂಧದಲ್ಲಿ ಪರೀಕ್ಷಿತನು ಕಲಿಯನ್ನು ಕೊಲ್ಲದೆ ಬಿಟ್ಟುದಕ್ಕೆ ಒಂದು ಸೊಗಸಾದ ಕಾರಣವನ್ನು ಕೊಟ್ಟಿದೆ: ಈ ಯುಗದಲ್ಲಿ ಒಳ್ಳೆಯದು ಬೇಗನೆ ಫಲಿಸುವುದು, ಕೆಟ್ಟದ್ದು ಮಾಡಿದರೆ ಮಾತ್ರ ತಟ್ಟುವುದು. ಗೀತೆಯ ಮೂರನೆಯ ಅಧ್ಯಾಯ ಇಷ್ಟು ದಯಾಳುವಲ್ಲ. ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕುಹಾಕುವವನನ್ನು ಅದು ಮಿಥ್ಯಾಚಾರನೆಂದು ಕರೆಯುತ್ತದೆ. ಭಾಗವತದ ದಾಕ್ಷಿಣ್ಯ ನನಗೆ ಪ್ರಿಯವಾದರೂ, ಗಿಟ್ಟಿನ ಲೋಕಕ್ಕೆ ಅದು ಒದಗಿಬರದು. ಏಕೆಂದರೆ ರಿಸ್ಟೋರ್ ಎಂಬ ಆಜ್ಞೆ ಒಳ್ಳೆಯ ಸಾಲನ್ನೂ ಕೆಟ್ಟ ಸಾಲನ್ನೂ ಒಂದೇ ತುತ್ತಿಗೆ ನುಂಗುತ್ತದೆ.

ಈ ವಿಷಯವನ್ನು ಅತ್ಯಂತ ಸೂಕ್ಷ್ಮವಾಗಿ ಅಳೆದು ತೂಗಿದವರು ಜೈನರೆಂದು ನನ್ನ ಅಭಿಪ್ರಾಯ. ಇವರ ಬಸದಿಯೊಂದು ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿಯೇ ಇದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಕೃತ್ಯವನ್ನು ಸಂರಂಭ, ಸಮಾರಂಭ, ಆರಂಭ ಎಂದು ಮೂರಾಗಿ ಒಡೆಯುತ್ತದೆ: ಮಾಡಬೇಕೆಂಬ ನಿಶ್ಚಯ, ಅದಕ್ಕೆ ಬೇಕಾದ ಸಲಕರಣೆಗಳ ಜೋಡಣೆ, ಕೈಯಿಟ್ಟು ತೊಡಗುವುದು. ಇವನ್ನು ಮನಸ್ಸು, ಮಾತು, ಕಾಯಗಳಿಂದಲೂ, ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರರಿಂದಲೂ, ಕಷಾಯಗಳೆಂಬ ಕ್ರೋಧಾದಿ ನಾಲ್ಕು ಮನೋವಿಕಾರಗಳಿಂದಲೂ ಗುಣಿಸಿದರೆ ಕರ್ಮ ಒಳಬರುವ 108 ದ್ವಾರಗಳಾಗುತ್ತವೆ. ಕೃತ್ಯ ಮುಗಿದು ದಾಖಲಾಗುವುದಕ್ಕೆ ಈ ಗಣಿತ ಕಾಯುವುದೇ ಇಲ್ಲವೆಂಬುದು ಗಮನಾರ್ಹ. 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದ ಜನ್ನ (ಅವನಿಗೆ ಆಶ್ರಯವಿತ್ತ ವೀರಬಲ್ಲಾಳನೇ ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗವನ್ನು ಪಾಂಡ್ಯರಿಂದ ಗೆದ್ದವನು) ಇದನ್ನೇ ಕಥೆಯಾಗಿಸಿದ. ಜೀವಬಲಿಗೆ ಹೇಸಿದ ಯಶೋಧರನು ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯೊಂದನ್ನು ಕಡಿಯುತ್ತಾನೆ. ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟು ಕತ್ತಿ ತಾಗಿದೊಡನೆ ಕೂಗುತ್ತದೆ. ಮಗ ನವಿಲಾಗಿ, ತಾಯಿ ನಾಯಾಗಿ ಭವಭವಗಳಲ್ಲಿ ತೊಳಲುತ್ತಾರೆ. ಸತ್ತ ಕೋಳಿ ಇಲ್ಲ, ಹರಿದ ರಕ್ತವಿಲ್ಲ. ಆದರೂ ಸಂಕಲ್ಪವಿತ್ತು, ಸಲಕರಣೆಯಿತ್ತು, ಎತ್ತಿದ ಕೈ ಇತ್ತು.

ಈ ತೀರ್ಪು ಅತಿಕಠಿನವೆಂದು ಬಹುಮಂದಿಗೆ ತೋರಿದೆ, ನನಗೂ ತೋರುತ್ತದೆ. ಆದರೆ ಅದರ ಲೆಕ್ಕ ಸರಿಯೆಂಬುದಕ್ಕೆ ಪ್ರಮಾಣ ಗಿಟ್ಟಿನ ಬಳಕೆದಾರರ ಅನುಭವದಲ್ಲಿಯೇ ಉಂಟು. ಅಳಿಸಿಹೋದ ಪ್ರೋಗ್ರಾಮನ್ನು ಮರಳಿ ಬರೆಯಲು ಕುಳಿತವನಿಗೆ ಅರ್ಧದಿನದ ಕೆಲಸ ಒಂದು ಗಳಿಗೆಯಲ್ಲಿ ಮುಗಿಯುವುದುಂಟು, ಮೊದಲಿಗಿಂತ ಹಸನಾಗಿಯೂ ಬರುವುದುಂಟು. ಹಾಗೆಯೇ ಅಳಿಸಿದ ಅಡ್ಡದಾರಿಯನ್ನೇ ಕೈ ಮರುದಿನ ತಾನಾಗಿ ಹಿಡಿಯುವುದೂ ಉಂಟು. ಫೈಲಿನಲ್ಲಿ ಏನೂ ಉಳಿಯದಿರುವಾಗ ಇದು ಎಲ್ಲಿಂದ ಬಂತು? ರಿಸ್ಟೋರ್ ಶುದ್ಧಗೊಳಿಸುವುದು ಕೃತಿಯನ್ನು. ಕರ್ತನು ಸಮಾರಂಭವನ್ನು ದಾಟಿ ಆರಂಭದವರೆಗೆ ನಡೆದು ಬಂದವನಾಗಿಯೇ ಉಳಿಯುತ್ತಾನೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಈ ನಿಯಮ ಸಮಾನವಾದುದರಿಂದ, ಕಷ್ಟಪಟ್ಟು ಬರೆದು ಕಳೆದುಕೊಂಡವನಿಗೆ ಇದು ಸಮಾಧಾನ. ಅಳಿಸಿದೆನಲ್ಲ, ಇನ್ನೇನು ಎಂದು ಕೈಕೊಡವಿ ಏಳುವವನಿಗೆ ಅಷ್ಟು ಸಮಾಧಾನವಲ್ಲ.

ಅದೇ ಸೂತ್ರಗ್ರಂಥದ ಪ್ರಾಯಶ್ಚಿತ್ತಗಳ ಪಟ್ಟಿಯಲ್ಲಿ ಬೇರ್ಪಡಿಸಿ ಬಿಡುವ ವಿವೇಕವೂ ಮಮತೆಯನ್ನು ತೊರೆಯುವ ವ್ಯುತ್ಸರ್ಗವೂ ಇವೆ. ಆದರೆ ಮೊದಲ ಸ್ಥಾನ ಆಲೋಚನೆಗೆ, ಎಂದರೆ ಮಾಡಿದ್ದನ್ನು ಮರೆಮಾಚದೆ ಎದುರಿಗಿಟ್ಟುಕೊಂಡು ಒಪ್ಪಿಕೊಳ್ಳುವುದಕ್ಕೆ. ಗಿಟ್ಟಿನಲ್ಲಿ ಅದಕ್ಕೆ ಸಮೀಪವಾದದ್ದು 'ಡಿಫ್': ಕಳೆದ ಸಾಲುಗಳನ್ನು ಕೆಂಪಿನಲ್ಲಿಯೂ ಕೂಡಿದ ಸಾಲುಗಳನ್ನು ಹಸಿರಿನಲ್ಲಿಯೂ ತೋರಿಸುವ ಆಜ್ಞೆ. ಬಲ್ಲವರು ರಿಸ್ಟೋರಿಗೆ ಮುನ್ನ ಇದನ್ನು ಒಮ್ಮೆ ಓದುತ್ತಾರೆ. ಸಂದೇಹ ಬಂದರೆ 'ಸ್ಟ್ಯಾಶ್' ಎಂದು ಸದ್ಯಕ್ಕೆ ಅಟ್ಟಕ್ಕೇರಿಸುತ್ತಾರೆ. ಓದಲೇಬೇಕೆಂಬ ಕಟ್ಟಳೆ ಯಂತ್ರದಲ್ಲಿಲ್ಲ. ಗುಂಡಿ ಒತ್ತಿ ಕೆಲಸ ಮಾಡುವ ಕೆಲವು ತಂತ್ರಾಂಶಗಳು ಅಳಿಸಿದ್ದನ್ನು ಹಿಂದಕ್ಕೆ ತರಲಾಗದೆಂದು ಎಚ್ಚರಿಸಿ ಒಪ್ಪಿಗೆ ಬೇಡುತ್ತವೆಯಾದರೂ, ಟರ್ಮಿನಲ್ಲಿನಲ್ಲಿ ಬರೆದ ರಿಸ್ಟೋರ್ ಏನನ್ನೂ ಕೇಳುವುದಿಲ್ಲ.