ತಡೆಯೂ ಬಿಡುವೂ

ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜ ಗುಂಡಿಯಂತೆ ಚಪ್ಪಟೆ, ವಿಪರೀತ ಕಹಿ. ಅದರೊಳಗಿನ ವಿಷದ ಹೆಸರು ಸ್ಟ್ರಿಕ್ನಿನ್. ಅದು ಮೈಗೇರಿದವರಿಗೆ ಸಣ್ಣದೊಂದು ಸದ್ದು ಸಾಕು, ಸ್ನಾಯುಗಳೆಲ್ಲ ಒಮ್ಮೆಗೇ ಸೆಟೆದು ಬೆನ್ನು ಬಿಲ್ಲಾಗುತ್ತದೆ. ಈ ವಿಷ ನರಗಳನ್ನು ಹುರಿದುಂಬಿಸುವುದಿಲ್ಲ. ಬೆನ್ನುಹುರಿಯಲ್ಲಿ ‘ಬೇಡ’ ಎನ್ನುವ ಸಂದೇಶ ತಲುಪದಂತೆ ಮಾಡುತ್ತದೆ, ಅಷ್ಟೆ. ತೋಳು ಮಡಚುವಾಗ ಮುಂದಿನ ಸ್ನಾಯು ಬಿಗಿಯುತ್ತದೆ, ಹಿಂದಿನದಕ್ಕೆ ತಡೆ ಬೀಳುತ್ತದೆ. ಆ ತಡೆ ಹೋದರೆ ಎರಡೂ ಎದುರುಬದುರು ಜಗ್ಗಿ ತೋಳು ಕೊರಡಾಗುತ್ತದೆ. ಅಡ್ಡಿ ತೆಗೆದರೆ ಚಲನೆ ಹೆಚ್ಚೀತು ಎಂಬ ನಮ್ಮ ಲೆಕ್ಕ ಇಲ್ಲೇ ತಲೆಕೆಳಗಾಗುತ್ತದೆ.

ಮಿದುಳಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೂಕ್ಷ್ಮ. ಜರ್ಮನಿಯ ಹಾನ್ಸ್ ಬರ್ಗರ್ ತಲೆಯ ಮೇಲಿನಿಂದಲೇ ಹಿಡಿದ ಮಿದುಳಿನ ವಿದ್ಯುತ್ ಅಲೆಗಳನ್ನು 1929ರಲ್ಲಿ ಪ್ರಕಟಿಸಿದ. ಅಲೆ ತಲೆಯ ಹೊರಗೂ ಸಿಗುವಂತೆ ಅಷ್ಟೊಂದು ಕೋಶಗಳು ಒಟ್ಟಿಗೆ ಏಳುತ್ತ ಬೀಳುತ್ತ ಇರಬೇಕಾದರೆ ತಾಳ ಹಾಕುವವರು ಯಾರು?

ಮಿದುಳಿನ ಹೊರಪದರದ ನರಕೋಶಗಳಲ್ಲಿ ನೂರಕ್ಕೆ ಸುಮಾರು 20 ಮಾತ್ರ ತಡೆಯುವ ಕೋಶಗಳು, ಉಳಿದವು ಪ್ರಚೋದಿಸುವಂಥವು. ಆದರೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಒಂದೇ ಒಂದು ತಡೆಕೋಶ, ಪ್ರಚೋದಿಸುವ ಬಗೆಯ ಸಾವಿರಕ್ಕೂ ಹೆಚ್ಚು ಪಿರಮಿಡ್ ಕೋಶಗಳನ್ನು ಮುಟ್ಟಬಲ್ಲದು. ಅದು ‘ಗಾಬಾ’ ಎಂಬ ರಾಸಾಯನಿಕ ಸುರಿಸಿದಾಗ ಅಷ್ಟೂ ಕೋಶಗಳು ಒಟ್ಟಿಗೆ ಸುಮ್ಮನಾಗುತ್ತವೆ. ಗಾಬಾದ ಪ್ರಭಾವ ಇಳಿದಾಗ ಅಷ್ಟೂ ಒಟ್ಟಿಗೆ ಬಿಡುಗಡೆಯಾಗಿ ಒಟ್ಟಿಗೇ ಮಿಡಿಯುತ್ತವೆ. ಆ ಮಿಡಿತವೇ ತಡೆಕೋಶವನ್ನು ಮತ್ತೆ ಎಬ್ಬಿಸುತ್ತದೆ.

1995ರಲ್ಲಿ ವಿಟಿಂಗ್‌ಟನ್, ಟ್ರಾಬ್ ಮತ್ತು ಜೆಫ್ರೀಸ್ ಎಂಬ ವಿಜ್ಞಾನಿಗಳು ಇಲಿಯ ಮಿದುಳಿನ ತೆಳು ಬಿಲ್ಲೆಯಲ್ಲಿ ಕೋಶದಿಂದ ಕೋಶಕ್ಕೆ ದಾಟುವ ವೇಗದ ಪ್ರಚೋದನೆಯನ್ನು ಔಷಧದಿಂದ ನಿಲ್ಲಿಸಿ, ತಡೆಕೋಶಗಳ ಬಳಗವನ್ನು ಮಾತ್ರ ಎಚ್ಚರಿಸಿದರು. ಸೆಕೆಂಡಿಗೆ ಸುಮಾರು 40ರ ಲಯ ಆಗಲೂ ಹುಟ್ಟಿತು. ಗಾಬಾದ ಪ್ರಭಾವ ಹೆಚ್ಚು ಹೊತ್ತು ಉಳಿಯುವಂತೆ ಮಾಡಿದರೆ ಲಯ ನಿಧಾನವಾಯಿತು. ಎಂದರೆ, ತಾಳದ ವೇಗವನ್ನು ಗೊತ್ತುಮಾಡುವುದರಲ್ಲಿ ತಡೆ ಎಷ್ಟು ಬಲವಾಗಿ ಬೀಳುತ್ತದೆ ಎನ್ನುವುದರಷ್ಟೇ ಎಷ್ಟು ಬೇಗ ಸಡಿಲುತ್ತದೆ ಎನ್ನುವುದೂ ಮುಖ್ಯ. ಕನ್ನಡದ ‘ಬಿಡುವು’ ಎಂಬ ಮಾತು ಇದನ್ನು ಹೇಗೋ ಮೊದಲೇ ಬಲ್ಲದು: ಎರಡು ಕೆಲಸಗಳ ನಡುವಿನ ತೆರವಿಗೂ ಹಿಡಿದದ್ದನ್ನು ಬಿಡುವುದಕ್ಕೂ ಅದು ಒಂದೇ ಬೇರು.

ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ಹುರುಪು ಬರುತ್ತದೆ. ‘ನೋಡಿ, ನಿಗ್ರಹವೇ ದೊಡ್ಡದು, ಅಂಕೆಯಿಲ್ಲದಿದ್ದರೆ ಮಂಗನಾಟ’ ಎಂದು ನರಕೋಶದ ಬಾಯಲ್ಲಿ ಉಪದೇಶ ಹೇಳಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ.

ಶಾಲೆಯಲ್ಲಿ ಮಗುವೊಂದು ಮಗ್ಗಿ ಹೇಳುತ್ತಿದೆ ಎನ್ನಿ. ‘ಮೂರೊಂದ್ಲ ಮೂರು, ಮೂರೆರಡ್ಲ ಆರು...’ ಮಾತು ನಿಂತುಹೋಗುತ್ತದೆ. ಕಣ್ಣು ತೆರೆದೇ ಇದೆ, ನೋಟವಿಲ್ಲ. ಕೆಲವು ಸೆಕೆಂಡುಗಳ ಮೇಲೆ ಏನೂ ಆಗಿಲ್ಲವೆಂಬಂತೆ ಎಚ್ಚರಾಗುತ್ತದೆ. ಮೇಷ್ಟರು ‘ಗಮನ ಎಲ್ಲಿದೆ?’ ಎಂದು ಗದರುತ್ತಾರೆ. ಅದು ‘ಆಬ್ಸೆನ್ಸ್’ ಎಂಬ ಬಗೆಯ ಅಪಸ್ಮಾರ. ಆ ಕ್ಷಣಗಳಲ್ಲಿ ಮಿದುಳಿನಲ್ಲಿ ಸೆಕೆಂಡಿಗೆ ಮೂರರಂತೆ ಅಚ್ಚುಕಟ್ಟಾದ ಅಲೆಗಳು ಏಳುತ್ತಿರುತ್ತವೆ. ಇಲ್ಲಿ ತಡೆ ಸತ್ತಿಲ್ಲ. ಮಿದುಳಿನ ಥಾಲಮಸ್ ಎಂಬ ಭಾಗದ ಕೋಶಗಳನ್ನು ಆಳಕ್ಕೆ ಅದುಮಿ, ಒಟ್ಟಿಗೇ ಪುಟಿಸುವುದರಲ್ಲಿ ಅದರದೂ ಕೈಯಿದೆ. ಗಾಬಾವನ್ನು ಹೆಚ್ಚಿಸುವ ಕೆಲವು ಔಷಧಗಳು ಈ ತೊಂದರೆಯನ್ನು ಇನ್ನಷ್ಟು ಬಿಗಡಾಯಿಸುತ್ತವೆ. ಲಯ ಇದ್ದಮಾತ್ರಕ್ಕೆ ಎಲ್ಲ ಸುಸೂತ್ರ ಎಂದಲ್ಲ. ಎಲ್ಲ ಕೋಶಗಳೂ ಒಂದೇ ತಾಳಕ್ಕೆ ಬಿದ್ದಾಗ ಮಗು ಇಲ್ಲವಾಗುತ್ತದೆ.

ಹಾಗಾದರೆ ಒಳ್ಳೆಯ ತಡೆ ಯಾವುದು? ತಾನು ಯಾರನ್ನು ತಡೆಯುತ್ತದೋ ಅವರ ಮಾತಿಗೇ ಏಳುವಂಥದ್ದು, ಹೊತ್ತಿಗೆ ಸರಿಯಾಗಿ ಸಡಿಲುವಂಥದ್ದು. ತಾಳ ಹಾಕುವವರು ಯಾರು ಎಂಬ ಪ್ರಶ್ನೆಯಲ್ಲೇ ಒಬ್ಬ ಯಜಮಾನನನ್ನು ಕೂರಿಸಿಬಿಟ್ಟಿದ್ದೆವು. ಈ ಸುತ್ತಿನಲ್ಲಿ ಅಂಥವನಿಲ್ಲ. ತಡೆಯುವವನೂ ತಡೆಸಿಕೊಳ್ಳುವವನೂ ಸರದಿಯಲ್ಲಿ ಒಬ್ಬರನ್ನೊಬ್ಬರು ಎಬ್ಬಿಸುತ್ತಾರೆ, ಮಲಗಿಸುತ್ತಾರೆ.

ಸಮಾಜ ಹೇಗಿರಬೇಕೆಂದು ಮಿದುಳು ಹೇಳಿಕೊಡಲಾರದು. ಆದರೆ ಆ ಮಗು ‘ಮೂರ್ಮೂರ್ಲ ಒಂಬತ್ತು’ ಎನ್ನಲು ಕೆಲವು ಕೋಶಗಳು ಸುಮ್ಮನಿರಬೇಕು, ಕೆಲವು ಮಿಡಿಯಬೇಕು, ಮರುಕ್ಷಣ ಎರಡೂ ಜಾಗ ಬದಲಿಸಬೇಕು. ಅಂಕೆ ದೊಡ್ಡದೋ ಬಿಡುಗಡೆ ದೊಡ್ಡದೋ ಎಂದು ವಾದಿಸುವವರು ಆ ಪದಗಳನ್ನೊಮ್ಮೆ ಕಿವಿಗೊಟ್ಟು ಕೇಳಬೇಕು.