ಜೀರ್ಣೋದ್ಧಾರದ ಧರ್ಮ

ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಕನ್ನಡನಾಡಿನ ದೇವಾಲಯಗಳ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಪರಿಚಿತವಾದದ್ದು. ದಾನಿಯು ಗುಡಿಯನ್ನು ಕಟ್ಟಿಸಿದಷ್ಟಕ್ಕೇ ಸುಮ್ಮನಾಗುತ್ತಿರಲಿಲ್ಲ. ಒಡೆದದ್ದನ್ನೂ ಬಿರಿದದ್ದನ್ನೂ ಮುಂದೆ ಸರಿಪಡಿಸುವ ವೆಚ್ಚಕ್ಕೆಂದು ಭೂಮಿಯನ್ನು ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸುತ್ತಿದ್ದನು. ಕಟ್ಟುವದು ಒಬ್ಬನ ಪುಣ್ಯವಾದರೆ ಕಾಪಾಡುವದು ಅನಂತರ ಬಂದವರೆಲ್ಲರ ಹೊಣೆಯೆಂಬ ತಿಳಿವಳಿಕೆಯು ಅದರಲ್ಲಿ ಅಡಗಿದೆ. ದೇವರ ಮನೆಗೆ ಸಲ್ಲುವ ಈ ವಿಚಾರವು ಮನುಷ್ಯರ ಮನೆಗೆ ಎಷ್ಟರಮಟ್ಟಿಗೆ ಸಲ್ಲುವದು? ಹಳೆಯ ಮನೆಯನ್ನು ಕೆಡವಬೇಕೋ, ಇದ್ದಂತೆ ಇಡಬೇಕೋ, ಕಾಲಕ್ಕೆ ತಕ್ಕಂತೆ ತಿದ್ದಬೇಕೋ? ಇದು ಹಣದ ಪ್ರಶ್ನೆಯಂತೆ ತೋರಿದರೂ ವಿಚಾರಿಸಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ಗದಗದ ಮಗ್ಗುಲಲ್ಲಿರುವ ಮಲ್ಲಸಮುದ್ರವನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಈ ಸೀಮೆಯ ಹಳೆಯ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ಕಲ್ಲುಮಣ್ಣಿನ ದಪ್ಪ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಸೀಳುಗಳನ್ನು ಹಾಸಿ ಮಣ್ಣಿನ ಮುದ್ದೆ. ಎಲ್ಲಕ್ಕೂ ಮೇಲೆ ಮಳೆನೀರು ಇಳಿಯದಂತೆ ಸವಳು ಮಣ್ಣು. ಬೇಸಿಗೆಯಲ್ಲಿ ಹೊರಗಿನ ತಾಪವು 40 ಡಿಗ್ರಿಯ ಸಮೀಪಕ್ಕೆ ಬಂದಾಗಲೂ ಇಂಥ ಮನೆಯ ನಡುಮನೆಯು ತಂಪಾಗಿರುವದು. ಕಾರಣವು ಸರಳ. ದಪ್ಪವಾದ ಮಣ್ಣು ಬಿಸಿಲನ್ನು ಮೆಲ್ಲಗೆ ಹೀರುವದು. ಹಗಲಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗಿ, ಹೊರಗೆ ತಂಗಾಳಿ ಬೀಸತೊಡಗುವದು. ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟಿನ ಛತ್ತಾದರೋ ಮಧ್ಯಾಹ್ನವೇ ಕಾಯ್ದು, ರಾತ್ರಿಯವರೆಗೂ ಮಲಗಿದವರ ಮೇಲೆ ಕಾವು ಸುರಿಸುವದು. ತಗಡಿನ ಮಾತನ್ನಂತೂ ಹೇಳಬೇಕಾದದ್ದೇ ಇಲ್ಲ.

ಕೆಡವಬೇಕೆನ್ನುವವರ ಪಕ್ಷವೂ ಬಲಹೀನವಾದದ್ದಲ್ಲ. ಸವಳು ಮಣ್ಣನ್ನು ವರುಷ ವರುಷವೂ ಮಳೆಗಾಲಕ್ಕೆ ಮುಂಚೆ ಹೊತ್ತು ಹಾಕಬೇಕು; ಹೊರುವ ಆಳುಗಳು ಈಗ ಎಲ್ಲಿ? ತೊಲೆಗೆ ಗೆದ್ದಲು ಹಿಡಿದರೆ ತಿಳಿಯುವದು ಅದು ಬಾಗಿದ ಮೇಲೆಯೇ. 2019ರ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ಬಂದಾಗ ಗದಗ ಜಿಲ್ಲೆಯ ನದೀತೀರದ ಊರುಗಳಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು. ತಲೆಯ ಮೇಲಿನ ಮಾಳಿಗೆಯನ್ನು ನಂಬಿ ಮಕ್ಕಳನ್ನು ಮಲಗಿಸಲಾರದ ಗೃಹಸ್ಥನಿಗೆ ಪೂರ್ವಿಕರ ಜಾಣ್ಮೆಯನ್ನು ಬಣ್ಣಿಸುವದು ಕ್ರೂರವಾದ ಮಾತಾದೀತು.

ಇನ್ನು ಇದ್ದಂತೆ ಇಡಬೇಕೆನ್ನುವವರು. ಹಳೆಯ ಮನೆಗೆ ವಿದ್ಯುತ್ತೇ ಬೇಕಿರಲಿಲ್ಲ, ಆದುದರಿಂದ ಮಿತವ್ಯಯಕ್ಕೆ ಅದೇ ಮಾದರಿಯೆಂದು ಇವರು ಹೇಳುತ್ತಾರೆ. ಆದರೆ ಆ ಮನೆಯು ಶಕ್ತಿಯಿಲ್ಲದೆ ನಡೆಯುತ್ತಿತ್ತೆ? ನೆಲ ಸಾರಿಸಿದವರಾರು? ನೀರು ಹೊತ್ತವರಾರು? ಕಟ್ಟಿಗೆ ತಂದು, ಕಿಂಡಿಯೊಂದೇ ಇರುವ ಅಡಿಗೆಮನೆಯಲ್ಲಿ ಹೊಗೆ ಕುಡಿಯುತ್ತ ರೊಟ್ಟಿ ಬಡಿದವರಾರು? ಹೊರಗಿನ ಕೂಟಗಳಲ್ಲಿ ಪಡಸಾಲೆಯ ತಂಪನ್ನು ಹೊಗಳುವವರು ಗಂಡಸರು; ಅಡಿಗೆಮನೆಯ ಕಾವನ್ನು ಬಲ್ಲವರು ಹೆಂಗಸರು. ಮೀಟರಿನಲ್ಲಿ ಕಾಣದ ಶಕ್ತಿಯು ಮನೆಯ ಹೆಣ್ಣುಮಕ್ಕಳ ರಟ್ಟೆಯಿಂದಲೂ ಕಣ್ಣಿನಿಂದಲೂ ಎದೆಯಿಂದಲೂ ವೆಚ್ಚವಾಗುತ್ತಿತ್ತು. ಒಬ್ಬರ ದೇಹವನ್ನು ಸವೆಯಿಸಿ ಉಳಿಸಿದ್ದಕ್ಕೆ ಉಳಿತಾಯವೆಂದು ಹೆಸರಿಡುವದು ನ್ಯಾಯವಲ್ಲ.

ಹಾಗಾದರೆ ಸಿದ್ಧಾಂತವೇನು? ಎರಡು ಪಕ್ಷಗಳೂ ಲೆಕ್ಕದ ಒಂದೊಂದು ಪುಟವನ್ನು ಓದದೆ ಬಿಟ್ಟಿವೆ. ಕೆಡವುವವರು ಬಿಡುವ ಪುಟವು ಹೊಸ ಮನೆಯ ಹುಟ್ಟಿನದು. ಸಿಮೆಂಟನ್ನು ಮಾಡಲು ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಡಿಗ್ರಿಯ ಉರಿಯಲ್ಲಿ ಸುಡಬೇಕು. ಉರಿಯ ಹೊಗೆಯ ಜೊತೆಗೆ ಕಲ್ಲಿನೊಳಗಿಂದಲೇ ಇಂಗಾಲದ ಅನಿಲವು ಹೊರಡುವದು. ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಆ ಅನಿಲದಲ್ಲಿ ಶೇಕಡಾ 7-8ರಷ್ಟು ಪಾಲು ಸಿಮೆಂಟಿನದೇ. ನಿಂತಿರುವ ಗೋಡೆಗೆ ವ್ಯಯವಾಗಬೇಕಾದ ಶಕ್ತಿಯು ಎಂದೋ ವ್ಯಯವಾಗಿ ಹೋಗಿದೆ. ಅದನ್ನು ಕೆಡವಿ ‘ಶಕ್ತಿ ಉಳಿಸುವ ಮನೆ’ಯನ್ನು ಕಟ್ಟುವವನು ಮೊದಲು ಸಾಲ ಮಾಡಿ, ಆ ಮೇಲೆ ಉಳಿತಾಯಕ್ಕೆ ತೊಡಗಿದವನಂತೆ. ಇದ್ದಂತೆ ಇಡುವವರು ಬಿಡುವ ಪುಟವು ಮೇಲೆ ಹೇಳಿದ ದೇಹಶ್ರಮದ್ದು. ಎರಡನ್ನೂ ಕೂಡಿಸಿ ಓದಿದವನಿಗೆ ತಿದ್ದುವ ಮಾರ್ಗವೇ ಸರಿಯೆಂದು ತೋರುವದು.

ತಿದ್ದುವದಕ್ಕೂ ಕ್ರಮವುಂಟು. ಮೊದಲನೆಯದು ಪ್ರಾಣರಕ್ಷಣೆ: ತೊಲೆ ಜಂತಿಗಳನ್ನು ಬಲ್ಲ ಬಡಿಗನಿಂದ ನೋಡಿಸಿ, ಕೆಟ್ಟದ್ದನ್ನು ಬದಲಿಸಬೇಕು, ವರುಷವರುಷವೂ ಹೇರಿದ ಮಣ್ಣು ಅತಿಯಾಗಿದ್ದರೆ ಭಾರವನ್ನು ಇಳಿಸಬೇಕು. ಗೋಡೆಯು ಉಳಿಸಲಾರದಷ್ಟು ಶಿಥಿಲವಾಗಿದ್ದರೆ ಅದನ್ನು ಇಳಿಸುವದೇ ಧರ್ಮ. ಎರಡನೆಯದು ಅಡಿಗೆಮನೆ: ಹೊಗೆ ಹೋಗಲು ದಾರಿ, ಬೆಳಕಿಗೆ ಕಿಡಕಿ, ಗ್ಯಾಸಿನ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ವೆಂಬ ಕೇಂದ್ರವು ಕಡಿಮೆ ಕಟ್ಟಿಗೆಯ, ಹೊಗೆಕೊಳವೆಯ ಒಲೆಯನ್ನು ರೂಪಿಸಿದ್ದು ಈ ವಿವೇಕದಿಂದಲೇ. ಮೂರನೆಯದು ತಾಪನಿವಾರಣೆ: ಮಾಳಿಗೆಗೆ ಬಿಳಿಯ ಸುಣ್ಣ, ಎದುರುಬದುರು ಕಿಡಕಿ, ಪಡುವಣ ಗೋಡೆಗೆ ಬೇವಿನ ನೆರಳು. ಮಣ್ಣಿನ ಗೋಡೆಗೆ ಸಿಮೆಂಟನ್ನು ಮೆತ್ತುವದು ಮಾತ್ರ ಸಲ್ಲದು. ತೇವವು ಹೊರಗೆ ಹೋಗಲಾರದೆ ಒಳಗೇ ನಿಂತು ಗೋಡೆಯನ್ನು ತಿನ್ನುವದು. ಅದಕ್ಕೆ ಮಣ್ಣಿನ ಅಥವಾ ಸುಣ್ಣದ ಗಾರೆಯೇ ತಕ್ಕದ್ದು. ಯಂತ್ರಗಳ ಮಾತು ಇಷ್ಟೆಲ್ಲ ಆದ ಮೇಲೆ. 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ದೀಪವು ಕೊಡುವದು. 75 ವ್ಯಾಟಿನ ಬೀಸಣಿಗೆಯು 8 ತಾಸಿಗೆ 0.6 ಯುನಿಟ್ ತಿಂದರೆ, 1500 ವ್ಯಾಟಿನ ತಂಪುಯಂತ್ರವು ಪೂರ್ಣಬಲದಿಂದ ಅಷ್ಟೇ ಹೊತ್ತು ನಡೆದಾಗ 12 ಯುನಿಟ್ ತಿನ್ನುವದು. ಒಂದು ರಾತ್ರಿಯ ಆ ತಂಪಿನಲ್ಲಿ 20 ರಾತ್ರಿಗಳ ಗಾಳಿಯಿದೆ.

ಇಲ್ಲಿ ಒಂದು ಆಕ್ಷೇಪವು ಬರುವದು. 2023ರಲ್ಲಿ ಕರ್ನಾಟಕ ಸರಕಾರವು ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ 200 ಯುನಿಟ್‌ಗಳ ಮಿತಿಯೊಳಗೆ ಮನೆಯ ವಿದ್ಯುತ್ತನ್ನು ಉಚಿತ ಮಾಡಿತು. ಬಿಲ್ಲೇ ಬಾರದವನು ಯಾಕೆ ಉಳಿಸಬೇಕು? ಬಡವರ ಮನೆಗೆ ಬೆಳಕು ನಿಶ್ಚಿಂತೆಯಿಂದ ಬರುವದು ಒಳ್ಳೆಯದೇ, ಅದನ್ನು ಹಳಿಯಬೇಕಾದದ್ದಿಲ್ಲ. ಆದರೆ ಬೆಲೆಯಿಲ್ಲದ್ದಕ್ಕೆ ಋಣವೂ ಇಲ್ಲವೆಂಬ ಅನುಮಾನವು ತಪ್ಪು. ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಬೇಯುವದು, ಅದರ ಬೂದಿ ಯಾರದೋ ಅಂಗಳದ ಬಳಿ ಬೀಳುವದು. ಗದಗ ಸೀಮೆಯ ಗಾಳಿಯಂತ್ರಗಳಿಗೂ ಯಾರದೋ ನೆಲವೂ ಗುಡ್ಡದ ಮೈಯೂ ಬೇಕು. ಗೃಹಸ್ಥನು ಹಣ ಕೊಡದಿದ್ದಾಗ ಕೊಟ್ಟವರು ಬೇರೆ ಯಾರೋ ಇದ್ದಾರೆ. ದಾಸೋಹದಲ್ಲಿ ಊಟವು ಧರ್ಮಾರ್ಥವೆಂದು ಎಲೆಯಲ್ಲಿ ಅನ್ನ ಬಿಟ್ಟು ಏಳುವವನನ್ನು ಯಾರೂ ಜಾಣನೆನ್ನುವದಿಲ್ಲ.

ಇನ್ನೂ ಸೂಕ್ಷ್ಮವಾದ ಅಪಾಯವೊಂದುಂಟು. 1865ರಲ್ಲಿ ಇಂಗ್ಲಂಡದ ಅರ್ಥಶಾಸ್ತ್ರಜ್ಞ ಜೆವನ್ಸ್ ಎಂಬವನು ತೋರಿಸಿಕೊಟ್ಟದ್ದೇನೆಂದರೆ, ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಿಂದ ನಡೆಯಹತ್ತಿದ ಮೇಲೆ ದೇಶದಲ್ಲಿ ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು. ಮನೆಯಲ್ಲಿಯೂ ಹಾಗೆಯೇ. ದೀಪ ಅಗ್ಗವಾಯಿತೆಂದು ಒಂದಿದ್ದಲ್ಲಿ ನಾಲ್ಕು ಉರಿದರೆ, ಯಂತ್ರವು ಮಿತವಾದರೂ ಮನಸ್ಸು ಅಮಿತವಾಗಿಯೇ ಉಳಿಯಿತು. ಆದುದರಿಂದ ಮನೆಯನ್ನು ತಿದ್ದುವದು ಅರ್ಧ ಕೆಲಸ; ಸಾಕೆಂಬ ಮಾತನ್ನು ಕಲಿಯುವದು ಉಳಿದರ್ಧ.

ಇಷ್ಟಕ್ಕೂ ವೆಚ್ಚವು ಬೇಕೇ ಬೇಕು. ತಿದ್ದುಪಡಿಯು ಮುಂದೆ ಉಳಿಸಿಕೊಟ್ಟರೂ ಮೊದಲು ಕೈಯಿಂದ ಹಾಕಬೇಕಾದ ಹಣವು ಬಡ ಕುಟುಂಬಕ್ಕೆ ದೊಡ್ಡದು. ಹಿಂದೆ ಇಂಥ ಕೆಲಸಕ್ಕೆ ಮುಯ್ಯಾಳಿನ ಪದ್ಧತಿಯಿತ್ತು: ಇಂದು ಇವರ ಮಾಳಿಗೆ, ನಾಳೆ ಅವರದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿ, ಈ ನಾಡಿನ ಸಹಕಾರಕ್ಕೆ ಮೊದಲ ಮೆಟ್ಟಿಲು ಹಾಕಿದರು. ಬಿತ್ತನೆಗೆ ಸಾಲ ಕೊಟ್ಟ ಆ ಬುದ್ಧಿಯು ಗೆದ್ದಲು ತಿಂದ ತೊಲೆಗೂ ಹೊಗೆ ತುಂಬಿದ ಅಡಿಗೆಮನೆಗೂ ಸಾಲ ಕೊಡಬಾರದೆಂದಿಲ್ಲ.

ಯೋಗವೆಂದರೆ ಇಲ್ಲದ್ದನ್ನು ಪಡೆಯುವದು, ಕ್ಷೇಮವೆಂದರೆ ಪಡೆದದ್ದನ್ನು ಕಾಯುವದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಈ ಕಾಲಕ್ಕೆ ಯೋಗದ ಕಡೆಗೆ ಒಲವು ಹೆಚ್ಚು, ಕ್ಷೇಮಕ್ಕೆ ಕೀರ್ತಿಯಿಲ್ಲ. ಹೊಸ ಮನೆಗೆ ಗೃಹಪ್ರವೇಶದ ಊಟವುಂಟು, ತಿದ್ದಿದ ಮನೆಗೆ ಅದಿಲ್ಲ. ಆದರೂ ತಾತನ ಗೋಡೆಯನ್ನು ಉಳಿಸಿ, ತಾಯಿಯ ಕಣ್ಣಿಗೆ ಹೊಗೆ ತಾಗದಂತೆ ಮಾಡಿ, ಮೊಮ್ಮಕ್ಕಳಿಗೆ ತಕ್ಕಷ್ಟು ಕಲ್ಲಿದ್ದಲನ್ನೂ ತಂಗಾಳಿಯನ್ನೂ ಬಿಟ್ಟುಹೋಗುವವನು ಹಿಂದಿನವರ ಋಣವನ್ನೂ ಮುಂದಿನವರ ಋಣವನ್ನೂ ಒಟ್ಟಿಗೆ ತೀರಿಸಿದಂತಾಗುವದು. ಅಂಥವನ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಅಡಿಗೆಮನೆಯೂ ಪಡಸಾಲೆಯಷ್ಟೇ ತಂಪಾಗಿದ್ದರೆ, ಜೀರ್ಣೋದ್ಧಾರವು ಸಫಲವಾಯಿತೆಂದು ತಿಳಿಯತಕ್ಕದ್ದು.