ಮಗುವಿನ ಲೆಕ್ಕ ಯಾರಿಂದ ಕೇಳತಕ್ಕದ್ದು?

ಬೇರ್ಷೆಬದ ಅಡವಿಯಲ್ಲಿ ಹಾಗರಳು ತನ್ನ ಮಗನನ್ನು ಪೊದೆಯ ಕೆಳಗೆ ಬಿಟ್ಟು, ಅಷ್ಟು ದೂರ ಹೋಗಿ ಕೂತು ಅತ್ತಳೆಂಬ ವೃತ್ತಾಂತವನ್ನು ನಮ್ಮ ಸಭೆಗಳಲ್ಲಿ ಅರಿಯದವರು ವಿರಳ. ಪ್ರಿಯ ವಾಚಕರೇ, ಅದನ್ನು ಈ ದಿನಗಳ ಕಾಗದಪತ್ರಗಳ ರೀತಿಯಲ್ಲಿ ಬರೆದು ನೋಡಿರಿ. ಮಕ್ಕಳ ರಕ್ಷಣೆಯ ಅಧಿಕಾರಿಯೊಬ್ಬನು ಆ ದಾರಿಯಲ್ಲಿ ಬಂದಿದ್ದರೆ ಅವನ ಕಣ್ಣಿಗೆ ಬೀಳುವದೇನು? ನೀರಿಲ್ಲದೆ ಸಾಯುತ್ತಿರುವ ಬಾಲಕನು. ಅವನನ್ನು ಒಂಟಿಯಾಗಿ ಬಿಟ್ಟು ದೂರ ಕೂತಿರುವ ತಾಯಿ. ಆಕೆಯು ಮಗುವನ್ನು ತ್ಯಜಿಸಿದಳೆಂದು ಬರೆಯುವದು ಬಹು ಸುಲಭ. ಬುತ್ತಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಅವರನ್ನು ಕಳುಹಿಸಿದ ತಂದೆಯು ಆ ಸ್ಥಳದಲ್ಲಿಲ್ಲ. ಅವನಿಗೆ ಕುರಿದನಗಳೂ ಆಳುಗಳೂ ಉಂಟು. ಆದರೂ ವರದಿಯಲ್ಲಿ ತಂದೆಯ ಹೆಸರೆಂಬ ಸಾಲಿನಲ್ಲಿ ಮಾತ್ರ ಅವನು ಕಾಣುವನು. ಅಬ್ರಹಾಮನು ದೇವರ ಅಪ್ಪಣೆಯಂತೆ ನಡೆದನೆಂದು ಕೆಲವರು ಹೇಳುವರು. ಅದು ನಿಜವೇ ಸರಿ. ನಾನಿಲ್ಲಿ ಪರೀಕ್ಷಿಸುವದು ಅವನ ನಂಬಿಕೆಯನ್ನಲ್ಲ, ನಮ್ಮ ಕಣ್ಣನ್ನು. ದೇವದೂತನಾದರೋ, ಮಗುವನ್ನು ಯಾಕೆ ಬಿಟ್ಟೆಯೆಂದು ಅವಳನ್ನು ಗದರಿಸಲಿಲ್ಲ. ಅವಳ ಸಂಕಟವೇನೆಂದು ವಿಚಾರಿಸಿದನು. ತರುವಾಯ ಅವಳಿಗೆ ಬಾವಿಯು ಕಂಡಿತು.

ನಮ್ಮ ದೇಶದಲ್ಲಿ 2016ನೇ ಇಸವಿ ಜನವರಿ 15ರಿಂದ ಜಾರಿಗೆ ಬಂದ 2015ರ ಬಾಲನ್ಯಾಯ ಕಾಯಿದೆಯು ಈ ವಿಷಯದಲ್ಲಿ ನಮ್ಮ ಬೀದಿಗಿಂತ ನ್ಯಾಯವಾಗಿ ಮಾತಾಡುತ್ತದೆ. ಮಗುವಿನ ಪೋಷಣೆಯ ಮೊದಲನೆಯ ಭಾರವು ಕುಟುಂಬದ್ದೆಂದು ಅದು ಹೇಳುತ್ತದೆ, ತಾಯಿಯೊಬ್ಬಳದೆಂದು ಹೇಳುವದಿಲ್ಲ. ಹೆತ್ತವರು ತಮ್ಮ ಕೈಮೀರಿದ ಸ್ಥಿತಿಯಿಂದ ಮಗುವನ್ನು ಬಿಟ್ಟರೆ ಅದು ಬುದ್ಧಿಪೂರ್ವಕವಲ್ಲವೆಂದು ಭಾವಿಸಬೇಕೆಂಬದಾಗಿ 75ನೆಯ ಪ್ರಕರಣದಲ್ಲಿ ಉಂಟು. ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ತಾಸುಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರತಕ್ಕದ್ದು. ಮನೆಯ ಸ್ಥಿತಿಗತಿಯನ್ನು ತಿಳಿಸುವ ಸಾಮಾಜಿಕ ತನಿಖೆಯ ವರದಿಯು ಆ ಸಮಿತಿಗೆ ಬರುವದು. ಮಗುವನ್ನು ಮನೆಗೆ ಕಳುಹಿಸಬೇಕೋ ಬೇರೆ ಕಡೆ ಇರಿಸಬೇಕೋ ಎಂದು ತೀರ್ಮಾನಿಸುವವರು ಆ ವರದಿಯನ್ನು ನೋಡುತ್ತಾರೆ.

ಆ ವರದಿ ಎಲ್ಲಿಂದ ಹುಟ್ಟುತ್ತದೆ? ಬಹಳಮಟ್ಟಿಗೆ ನಮ್ಮ ಬಾಯಿಂದಲೇ. ವಿಚಾರಿಸಲು ಬಂದವರು ನೆರೆಯವರನ್ನೂ, ಅಂಗನವಾಡಿಯವರನ್ನೂ, ಶಾಲೆಯ ಮಾಸ್ತರರನ್ನೂ, ಒಮ್ಮೊಮ್ಮೆ ಸಭೆಯ ಹಿರಿಯರನ್ನೂ ಕೇಳುವರು. ಗಂಡನು ಕೂಲಿಯನ್ನೆಲ್ಲಾ ಕುಡಿದು ಕಳೆದರೆ, “ಮನುಷ್ಯ ಒಳ್ಳೆಯವನೇ, ಕುಡಿತ ಒಂದು ಇಲ್ಲದಿದ್ದರೆ” ಎನ್ನುತ್ತೇವೆ. ಆ ಕುಡಿತದ ದೆಸೆಯಿಂದಲೇ ಹೆಂಡತಿಯು ಕಳೆ ಕೀಳಲು ಹೋಗಿ ಹೊತ್ತು ಮುಳುಗಿದ ಮೇಲೆ ಬಂದರೆ, “ಮಕ್ಕಳನ್ನು ಬೀದಿಗೆ ಬಿಟ್ಟು ತಿರುಗುವವಳು” ಎನ್ನುತ್ತೇವೆ. ಇಬ್ಬರೂ ಮನೆಯಲ್ಲಿರಲಿಲ್ಲ, ಅವನದು ದುಶ್ಚಟವಾಯಿತು, ಅವಳದು ದ್ರೋಹವಾಯಿತು. ಅವನು ವರ್ಷಕ್ಕೊಮ್ಮೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದರೆ ಕೇರಿಯೆಲ್ಲಾ ಮೆಚ್ಚುವದು.

ಮೊಲೆಯನ್ನೂ ಮಡಿಲನ್ನೂ ದೇವರು ತಾಯಿಗೇ ಕೊಟ್ಟನಾದ್ದರಿಂದ ಅವಳನ್ನೇ ಕೇಳುವದು ಸಹಜವೆಂದು ಒಬ್ಬರು ಅನ್ನಬಹುದು. ಒಳ್ಳೇದು, ಹಾಲು ಕುಡಿಯುವ ಕೂಸಿನ ಮಾತಾದರೆ ಅದನ್ನು ಸ್ವಲ್ಪ ಒಪ್ಪುತ್ತೇನೆ. ಹತ್ತು ವರ್ಷದ ಹುಡುಗನು ಶಾಲೆಯನ್ನು ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರೆ ಅದಕ್ಕೂ ಮೊಲೆಹಾಲಿಗೂ ಏನು ಸಂಬಂಧ? ಮಧ್ಯಾಹ್ನ ಬಂದ ಅಧಿಕಾರಿಗೆ ಮನೆಯಲ್ಲಿ ಸಿಕ್ಕುವವಳು ತಾಯಿಯೇ, ಅವನಿಗೆ ನೋಡಬೇಕಾದ ಊರುಗಳು ಅನೇಕವೆಂಬದೂ ಒಂದು ಮಾತು. ಅದು ಹೆಚ್ಚು ತೂಕದ್ದು. ಆದರೆ ಸಿಕ್ಕಿದವಳನ್ನು ಕೇಳುವದು ಬೇರೆ, ಸಿಕ್ಕಿದವಳ ಮೇಲೆಯೇ ಹೊರೆಯನ್ನೆಲ್ಲಾ ಹಾಕುವದು ಬೇರೆ.

ತಂದೆಯನ್ನು ಕೇಳದೆ ಬಿಡುವದು ಅವನಿಗೆ ತೋರಿಸುವ ಮರ್ಯಾದೆಯೆಂದು ಎಣಿಸುವವರುಂಟು. ನನಗೆ ಅದು ತಾತ್ಸಾರವಾಗಿ ತೋರುತ್ತದೆ. ಯಾಕಂದರೆ ಯಾರಿಂದ ಏನನ್ನೂ ಅಪೇಕ್ಷಿಸುವದಿಲ್ಲವೋ ಅವನನ್ನು ನಾವು ಮನುಷ್ಯನೆಂದೇ ಲೆಕ್ಕಿಸಿಲ್ಲ. ಶಿಲೋವಿನ ಏಲಿಯನ್ನು ದೇವರು ಹೀಗೆ ಬಿಡಲಿಲ್ಲ. ಅವನ ಮಕ್ಕಳ ದುಷ್ಟತನದ ವೃತ್ತಾಂತದಲ್ಲಿ ಅವರ ತಾಯಿಯ ಸುದ್ದಿಯೇ ಇಲ್ಲ. ತಿಳಿದೂ ತಡೆಯಲಿಲ್ಲವೆಂದು ತಂದೆಯಿಂದಲೇ ಲೆಕ್ಕ ಕೇಳಲಾಯಿತು. ಇದಲ್ಲದೆ ಮಗುವಿಗೆ ಅಪಾಯವೂ ಉಂಟು. ಹೊಡೆಯುವ ಕೈ ಅವನದಾದರೆ ಅದನ್ನು ಯಾರೂ ನೋಡಲಿಲ್ಲ. ಕಾಪಾಡುವ ಕೈ ಅವನದಾದರೆ ಅದನ್ನು ಯಾರೂ ಹುಡುಕಲಿಲ್ಲ.

ಹಕ್ಕಿನ ಮಾತು ಬಂದಾಗ ಮಾತ್ರ ತಂದೆಯು ಮುಂದಕ್ಕೆ ಬರುತ್ತಿದ್ದನು. ಕ್ರೈಸ್ತರಾದ ನಮಗೂ ಅನ್ವಯಿಸುವ 1890ರ ಪಾಲಕರ ಕಾಯಿದೆಯು, ಅಯೋಗ್ಯನಲ್ಲದ ತಂದೆಯು ಬದುಕಿರುವಾಗ ಬೇರೊಬ್ಬರನ್ನು ಮಗುವಿಗೆ ಪಾಲಕರಾಗಿ ನೇಮಿಸಬಾರದೆಂದು ವಿಧಿಸಿತ್ತು. ಆ ಸಾಲಿನಲ್ಲಿ ತಾಯಿಯನ್ನು ಸೇರಿಸಿದ್ದು 2010ರಲ್ಲಿ. 2015ರಲ್ಲಿ ಮದುವೆಯಾಗದ ಕ್ರೈಸ್ತ ತಾಯಿಯೊಬ್ಬಳು ಸುಪ್ರೀಂ ಕೋರ್ಟಿನ ವರೆಗೆ ಹೋಗಬೇಕಾಯಿತು. ಮಗುವಿನ ಪೋಷಣೆಯಲ್ಲಿ ಪಾಲು ತೆಗೆದುಕೊಳ್ಳದ ತಂದೆಯ ಹೆಸರನ್ನು ಹೇಳದೆಯೂ, ಅವನಿಗೆ ನೋಟೀಸು ಕೊಡದೆಯೂ ಆಕೆಯು ಪಾಲಕಳಾಗಬಹುದೆಂದು ಅಲ್ಲಿ ತೀರ್ಪಾಯಿತು. ಹಾಗಾದರೆ ಅಷ್ಟು ಕಾಲ ಹಕ್ಕಿನ ಪುಟದಲ್ಲಿ ಅವನ ಹೆಸರು, ತಪ್ಪಿನ ಪುಟದಲ್ಲಿ ಅವಳ ಹೆಸರು!

ತಾಯಂದಿರೆಲ್ಲರೂ ನಿರಪರಾಧಿಗಳೆಂದು ನನ್ನ ಮಾತಲ್ಲ. ಕಾದ ಸೌಟಿನಿಂದ ಬರೆ ಹಾಕುವ ತಾಯಿಯೂ ಇದ್ದಾಳು. ತಾಯಿಯಾದವಳು ಹಾಗೆ ಮಾಡಳೆಂಬ ಭರವಸೆಯಿಂದ ಆ ಗಾಯವನ್ನು ನೋಡದೆ ಬಿಟ್ಟರೆ, ಅದೂ ಈ ಕುರುಡುತನದ ಇನ್ನೊಂದು ಮುಖ. ಆದರೆ ಗಂಡನ ಏಟನ್ನು ತಾನೂ ತಿನ್ನುತ್ತಿರುವವಳನ್ನು, ಮಗುವನ್ನು ಅವನಿಂದ ಯಾಕೆ ಬಿಡಿಸಲಿಲ್ಲವೆಂದು ಮೊದಲು ಕೇಳಿ, ಹೊಡೆದವನನ್ನು ಕಡೆಗೆ ಕೇಳುವದು ಅಥವಾ ಕೇಳದೇ ಹೋಗುವದು ನ್ಯಾಯವಲ್ಲ. ಅವಳು ಬಚ್ಚಿಟ್ಟಳೋ, ಭಯದಿಂದ ಬಾಯಿ ಮುಚ್ಚಿದಳೋ ಎಂಬದನ್ನು ತಾಳ್ಮೆಯಿಂದ ಕುಳಿತು ವಿಚಾರಿಸದೆ ತಿಳಿಯಲಾಗದು.

ಹೆಂಡತಿ ಸತ್ತು ಮಗಳನ್ನು ಒಬ್ಬನೇ ಸಾಕುವ ತಂದೆಯ ಸಂಗತಿ ಇನ್ನೊಂದು ವಿಧ. ಒಂಟಿ ಪುರುಷನು ಹೆಣ್ಣುಮಗುವನ್ನು ದತ್ತಕ್ಕೆ ತೆಗೆದುಕೊಳ್ಳಕೂಡದೆಂದು 2015ರ ಆ ಕಾಯಿದೆಯಲ್ಲಿಯೇ ಉಂಟು. ಅದಕ್ಕೆ ಅದರ ಕಾರಣವಿರಬಹುದು. ಆದರೆ ಅದು ದತ್ತಕ್ಕೆ ಸಂಬಂಧಪಟ್ಟದ್ದೇ ಹೊರತು ಸ್ವಂತ ಮಗಳಿಗೆ ಸಂಬಂಧಪಟ್ಟದ್ದಲ್ಲ. ಹೀಗಿದ್ದರೂ ಇವನಿಗೆ ನೆರೆಯವರು ಕೊಡುವ ಬುದ್ಧಿವಾದ ಒಂದೇ: ಹುಡುಗಿಯನ್ನು ಬೋರ್ಡಿಂಗಿಗೆ ಹಾಕು, ಇಲ್ಲವೆ ಬೇಗನೆ ಇನ್ನೊಬ್ಬಳನ್ನು ಕಟ್ಟಿಕೋ. ಮಕ್ಕಳನ್ನು ಸಂಸ್ಥೆಯಲ್ಲಿಡುವದು ಕಟ್ಟಕಡೆಯ ಉಪಾಯವೆಂದು ಅದೇ ಕಾಯಿದೆ ಹೇಳುವದನ್ನು ಅವನಿಗೆ ತಿಳಿಸುವವರಿಲ್ಲ. ಬೆಳಿಗ್ಗೆ ಗಂಜಿ ಕಾಯಿಸಿ, ಮಗಳ ತಲೆ ಬಾಚಿ, ಜಡೆ ಹೆಣೆದು ಶಾಲೆಗೆ ಕಳುಹಿಸುವ ಅವನನ್ನು ನೋಡಿ ನಗುವವರು ಮಾತ್ರ ನಮ್ಮ ಕೇರಿಗಳಲ್ಲಿಯೂ ಇದ್ದಾರೆ.